ಹದಿನೇಳು ತಾಸಿನ ಸುಳ್ಳು

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಎಷ್ಟು ದೂರ ಎಂದು ಯಾರನ್ನಾದರೂ ಕೇಳಿ ನೋಡಿ. ‘ಹದಿನೇಳು ತಾಸು’ ಎನ್ನುತ್ತಾರೆ. ಕಿಲೋಮೀಟರಿನ ಲೆಕ್ಕ ಈಗ ಯಾರಿಗೂ ಬೇಕಿಲ್ಲ. ನಾನೂ ಹಾಗೆಯೇ ಹೇಳುತ್ತಿದ್ದೆ. ಒಂದು ಮೇ ತಿಂಗಳ ನಸುಕಿನಲ್ಲಿ, ಹೊರ್ತಿಯ ನಮ್ಮ ಮನೆಯ ಅಂಗಳದಲ್ಲಿ, ನೆರೆದ ಹತ್ತಿಪ್ಪತ್ತು ಜನರ ಮುಂದೆ ನಿಂತು ಈ ಸಂಖ್ಯೆಯನ್ನು ಖಾತ್ರಿಯಿಂದ ಹೇಳಿದವನು ನಾನೇ. ಮೋಸ ಮಾಡಬೇಕೆಂದು ಹೇಳಿದ್ದಲ್ಲ. ಆದರೆ ಅದನ್ನು ನಂಬಿ ಮೋಸ ಹೋದವರು ನನ್ನ ಮನೆಯವರು. ಈ ಲೇಖನ ಆ ಸಂಖ್ಯೆಯ ಮೇಲಿನ ನನ್ನ ತಕರಾರು.

ಅಂದು ದೊಡ್ಡಪ್ಪ ತೀರಿಕೊಂಡಿದ್ದರು. ನಸುಕಿನ ನಾಲ್ಕು ಗಂಟೆ. ಅವರ ಒಬ್ಬನೇ ಮಗ, ನಾನು ಅಣ್ಣ ಎಂದು ಕರೆಯುವವನು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ. ಅಲ್ಲಿ ಆಗ ಹಿಂದಿನ ದಿನದ ಮಧ್ಯಾಹ್ನ ಮೂರೂವರೆ. ಫೋನಿನಲ್ಲಿ ಅವನು ಹೇಳಿದ್ದು ಒಂದೇ ಮಾತು: ‘ಇಡ್ರಿ, ನಾ ಬರ್ತೀನಿ.’

ಅಂಗಳದಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನನ್ನು ಕರೆದರು. ‘ನೀ ಓದಿದಾಂವ ಇದ್ದೀ, ಹೇಳ್ ತಮ್ಮಾ. ಎಟ್ಟೊತ್ತಿಗಿ ಬರ್ತಾನ ಅಂವ?’

‘ಹದಿನೇಳ್ ತಾಸ್ ಕಾಕಾ.’

ಅವರು ಬೆರಳು ಮಡಚಿ ಎಣಿಸಿದರು. ‘ಹಂಗಾರ ಇವತ್ ರಾತ್ರಿ ಒಂಬತ್ತಕ್ಕ ಬಂದ್ ಬಿಡ್ತಾನ. ಮುಂಜಾನಿ ಮಣ್ಣ ಮಾಡಿದ್ರಾತು.’

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾಲ್ಕಕ್ಕೆ ಹದಿನೇಳು ಕೂಡಿಸಿದರೆ ಇಪ್ಪತ್ತೊಂದೇ. ನಾನು ಕೊಟ್ಟ ಅಂಕಿಯೇ ತಪ್ಪಿತ್ತು.

ಆ ಅಂಕಿ ನನಗೆ ಸಿಕ್ಕದ್ದು ಪತ್ರಿಕೆಯಿಂದ. 2021ರ ಜನವರಿ 11ರ ನಸುಕಿನಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಬಂದಿಳಿದಿತ್ತು. ಕ್ಯಾಪ್ಟನ್ ಝೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಅದನ್ನು ನಡೆಸಿದವರೆಲ್ಲ ಹೆಣ್ಣುಮಕ್ಕಳು. ಉತ್ತರ ಧ್ರುವದ ಮೇಲಿಂದ ಹಾದು, ಸುಮಾರು 16,000 ಕಿ.ಮೀ. ದಾರಿಯನ್ನು ಸುಮಾರು ಹದಿನೇಳು ತಾಸಿನಲ್ಲಿ ಕ್ರಮಿಸಿತ್ತು. ಜನವರಿ 9ರ ರಾತ್ರಿ ಹೊರಟವರು ಇಲ್ಲಿ ಇಳಿಯುವಾಗ 11ನೇ ತಾರೀಖು. ನಡುವಿನ ದಿನ ಆಕಾಶದಲ್ಲೇ ಕರಗಿತ್ತು. ಓದಿ ನಾನೂ ಹೆಮ್ಮೆಪಟ್ಟೆ. ಆ ಹೆಮ್ಮೆಯ ಬಗ್ಗೆ ಇಂದಿಗೂ ನನಗೆ ದೂರಿಲ್ಲ. ವಿಮಾನದ ಕುರಿತಾದ ಅಂಕಿಯನ್ನು ಮನುಷ್ಯನ ಕುರಿತಾದ ಅಂಕಿ ಎಂದುಕೊಂಡದ್ದು ನನ್ನ ತಪ್ಪು.

ವಿಮಾನದ ವೇಳಾಪಟ್ಟಿಯಲ್ಲಿ ಬರೆಯುವ ಅವಧಿಗೆ ಆ ಉದ್ಯಮದವರು ‘ಬ್ಲಾಕ್ ಟೈಮ್’ ಎನ್ನುತ್ತಾರೆ. ವಿಮಾನ ನಿಂತ ಜಾಗ ಬಿಟ್ಟು ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ನಿಲ್ಲುವ ಜಾಗಕ್ಕೆ ಬಂದು ಸೇರುವ ಕ್ಷಣದವರೆಗೆ ಅದರ ಎಣಿಕೆ. ಅದು ಯಂತ್ರವೊಂದರ ದುಡಿಮೆಯ ಲೆಕ್ಕ. ಇಂಧನ ಎಷ್ಟು ಬೇಕು, ಪೈಲಟ್‌ಗಳು ಎಷ್ಟು ಜನ ಬೇಕು, ಅದೇ ವಿಮಾನವನ್ನು ಮತ್ತೆ ಯಾವಾಗ ಹಾರಿಸಬಹುದು ಎಂದು ತಿಳಿಯಲು ಅವರಿಗೆ ಅದು ಬೇಕೇ ಬೇಕು. ಟಿಕೇಟು ಹುಡುಕುವ ಹೊತ್ತು, ಮೂರು ತಾಸು ಮೊದಲೇ ಹೋಗಿ ಸಾಲಿನಲ್ಲಿ ನಿಲ್ಲುವ ಹೊತ್ತು, ನಡುವಿನ ಊರಿನಲ್ಲಿ ಕಾಯುವ ಹೊತ್ತು, ಇಳಿದ ಮೇಲೆ ಮನೆ ಮುಟ್ಟುವ ಹೊತ್ತು, ಇವು ಯಾವುವೂ ಅದರೊಳಗೆ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಆದರೆ ಮಂತ್ರಿಗಳ ಭಾಷಣ, ಜಾಹೀರಾತು, ನಮ್ಮ ನಿತ್ಯದ ಮಾತು ಎಲ್ಲವೂ ಆ ಅಂಕಿಯನ್ನೇ ಎರಡು ಊರುಗಳ ನಡುವಿನ ದೂರವೆಂದು ಸಾರುತ್ತವೆ.

ಆಕಾಶದ ದೂರವಾದರೂ ನಿಸರ್ಗ ಕೊಟ್ಟದ್ದೇ ಎಂದು ನೋಡಿದರೆ ಅದೂ ಪೂರ್ತಿ ಅಲ್ಲ. ಶಾಲೆಯ ಗೋಡೆಯ ನಕ್ಷೆಯಲ್ಲಿ ಅಮೆರಿಕ ಎಡತುದಿಗೆ, ನಾವು ಬಲಕ್ಕೆ. ಹಾಗಾಗಿ ವಿಮಾನ ನೇರ ಅಟ್ಲಾಂಟಿಕ್ ದಾಟಿ ಹೋಗುತ್ತದೆಂದು ಮಕ್ಕಳು ಗೆರೆ ಎಳೆಯುತ್ತಾರೆ. ಭೂಗೋಲದ ಮೇಲೆ ಒಂದು ದಾರ ಹಿಡಿದು ಜಗ್ಗಿ ನೋಡಿ. ಬೆಂಗಳೂರು ಪೂರ್ವ ರೇಖಾಂಶ 77ರ ಆಚೀಚೆ, ಸ್ಯಾನ್ ಫ್ರಾನ್ಸಿಸ್ಕೋ ಪಶ್ಚಿಮ ರೇಖಾಂಶ 122ರ ಆಚೀಚೆ. ಎರಡೂ ಕೂಡಿದರೆ 200 ಡಿಗ್ರಿ, ಅಂದರೆ ಗೋಲದ ಹೆಚ್ಚುಕಡಿಮೆ ಎದುರುಬದುರು. ಬಿಗಿಯಾದ ದಾರ ತಾನಾಗಿಯೇ ಉತ್ತರಕ್ಕೆ ಸರಿದು ಧ್ರುವದ ಹತ್ತಿರ ಹೋಗಿ ನಿಲ್ಲುತ್ತದೆ. ಆ ದಾರದ ಉದ್ದ ಸುಮಾರು 14,000 ಕಿ.ಮೀ. ಹಾರಿದ್ದು 16,000. ಮಿಕ್ಕ ಎರಡು ಸಾವಿರದಲ್ಲಿ ಗಾಳಿಯ ಪಾಲಿದೆ, ಹವಾಮಾನದ ಪಾಲಿದೆ, ಯಾವ ದೇಶದ ಮೇಲೆ ಹಾರಬಹುದು ಎಂಬುದರ ಪಾಲೂ ಇದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾ ತನ್ನ ಆಕಾಶವನ್ನು ಯುರೋಪು ಅಮೆರಿಕಗಳ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತದ ವಿಮಾನಗಳಿಗೆ ಮುಚ್ಚಿತು, ವಾರದೊಳಗೆ ಭಾರತವೂ ಅದೇ ಮಾಡಿತು. ಊರುಗಳು ಇದ್ದಲ್ಲೇ ಇದ್ದವು. ದೂರ ಮಾತ್ರ ರಾತ್ರೋರಾತ್ರಿ ಬೆಳೆಯಿತು. ದೂರ ಎಷ್ಟು ಎಂದು ತೀರ್ಮಾನಿಸುವವರು ಯಾರೋ ಇದ್ದಾರೆ ಎಂಬುದನ್ನು ಇಲ್ಲಿ ಗುರುತು ಹಾಕಿಕೊಂಡು ಮುಂದೆ ಹೋಗೋಣ. ಅದು ಆಕಾಶಕ್ಕೆ ಮಾತ್ರ ಸಲ್ಲುವ ಮಾತಲ್ಲ.

ಅಣ್ಣನಿಗೆ ಆ ಹೊತ್ತಿಗೆ ನೇರ ವಿಮಾನ ಸಿಗಲಿಲ್ಲ. ಸುದ್ದಿ ತಿಳಿದು ಐದೂವರೆ ತಾಸಿಗೆ, ಕೊಲ್ಲಿಯ ಊರೊಂದರಲ್ಲಿ ಇಳಿದು ಹತ್ತುವ ವಿಮಾನ ಹಿಡಿದ. ಹದಿನಾರು ತಾಸು ಹಾರಾಟ, ನಾಲ್ಕು ತಾಸು ಕಾಯುವುದು, ಮತ್ತೆ ನಾಲ್ಕು ತಾಸು ಹಾರಾಟ. ಬೆಂಗಳೂರಿನಲ್ಲಿ ಇಳಿದು ಹೊರಬರಲು ಒಂದೂವರೆ ತಾಸು. ಯಾರೂ ತಡ ಮಾಡಲಿಲ್ಲ, ಯಾವುದೂ ಕೆಡಲಿಲ್ಲ, ಎಲ್ಲ ಹೇಳಿದ ವೇಳೆಗೇ ನಡೆಯಿತು. ಅಲ್ಲಿಂದ ಬಾಡಿಗೆ ಕಾರು. ತುಮಕೂರು, ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿ, ಇಳಕಲ್ಲು, ನಿಡಗುಂದಿ, ವಿಜಯಪುರ. ಅದನ್ನೂ ದಾಟಿ ಸೊಲ್ಲಾಪುರ ರಸ್ತೆಯಲ್ಲಿ ಹೊರ್ತಿ. ಹನ್ನೊಂದು ತಾಸು. ಅವನು ಮನೆಯ ಮುಂದೆ ಇಳಿದಾಗ ಮರುದಿನ ರಾತ್ರಿ ಹತ್ತು ಗಂಟೆ. ದೊಡ್ಡಪ್ಪ ಹೋಗಿ 42 ತಾಸು ಆಗಿತ್ತು.

ಆ ನಲವತ್ತೆರಡರಲ್ಲಿ ಅವನು ಆಕಾಶದಲ್ಲಿದ್ದದ್ದು ಇಪ್ಪತ್ತು ತಾಸು. ಉಳಿದ ಇಪ್ಪತ್ತೆರಡು ತಾಸು ನೆಲದ ಮೇಲೆ. ಹದಿನೈದು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ ಮುಗಿಸಿ ಬಂದವನಿಗೆ ಬೆಂಗಳೂರಿನಿಂದ ಹೊರ್ತಿಯವರೆಗೆ ಇದ್ದದ್ದು 570 ಕಿ.ಮೀ. ಚಿಲ್ಲರೆ. ಇಡೀ ದೂರದ ನೂರರಲ್ಲಿ ನಾಲ್ಕು ಪಾಲೂ ಅಲ್ಲ. ಸಮಯದಲ್ಲಿ ಮಾತ್ರ ಅದು ನಾಲ್ಕರಲ್ಲಿ ಒಂದು ಪಾಲು ತಿಂದಿತು. ಈ ಪಾಲು ಯಾವ ವೇಳಾಪಟ್ಟಿಯಲ್ಲೂ ಇಲ್ಲ.

ಮನೆಯಲ್ಲಿ ಏನಾಯಿತು ಎನ್ನುವುದನ್ನೂ ಹೇಳಬೇಕು. ನಮ್ಮಲ್ಲಿ ಹೋದವರನ್ನು ಕೂಡಿಸುತ್ತೇವೆ. ವಿಭೂತಿ ಹಚ್ಚಿ, ಹೂ ಹಾಕಿ, ಗೋಡೆಗೆ ಆನಿಸಿ ಕೂಡಿಸಿ, ಸುತ್ತ ಭಜನೆ ಮಾಡುತ್ತೇವೆ. ಕೂತಂತೆಯೇ ಮಣ್ಣಿಗೆ ಒಯ್ಯುತ್ತೇವೆ. ಮೇ ತಿಂಗಳ ನಮ್ಮ ಸೀಮೆಯ ಬಿಸಿಲು ಗೊತ್ತಿದ್ದವರಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಿಲ್ಲ. ಮಧ್ಯಾಹ್ನದ ಹೊತ್ತಿಗೆ ವಿಜಯಪುರದಿಂದ ತಂಪಿನ ಪೆಟ್ಟಿಗೆ ತರಿಸಿದೆವು. ಅದರಲ್ಲಿ ಕೂಡಿಸಲು ಬರುವುದಿಲ್ಲ, ಮಲಗಿಸಬೇಕು. ‘ಕುಂತ್ ಹೋಗೂ ಜೀವಾನ ಮಲಗಿಸಿ ಪೆಟಗಿಯೊಳಗ ಇಡೂದೇನ್ರೋ’ ಎಂದು ಮುದುಕರೊಬ್ಬರು ಎದ್ದು ಹೋದರು. ಕರೆಂಟು ಹೋದಾಗ ಜನರೇಟರ್ ತಂದೆವು. ರಾತ್ರಿ ಒಂಬತ್ತಾಯಿತು. ದೊಡ್ಡವ್ವ ನನ್ನನ್ನು ಕರೆದು ಕೇಳಿದರು. ‘ಹದಿನೇಳ್ ತಾಸ್ ಆದೂ ಏನ್?’ ಹೌದೆಂದೆ. ‘ಎಲ್ಲಿ ಅದಾನ ಅಂವ?’ ಇನ್ನೂ ಆಕಾಶದಲ್ಲಿದ್ದಾನೆ ಎಂದೆ. ಅವರು ಏನೂ ಅನ್ನಲಿಲ್ಲ.

ಮರುದಿನ ಮಧ್ಯಾಹ್ನ ಹಿರಿಯರು ಇನ್ನು ಸಾಕೆಂದರು. ಸೂರ್ಯ ಮುಳುಗಿದ ಮೇಲೆ ಮಣ್ಣು ಮಾಡುವ ರೂಢಿ ನಮ್ಮಲ್ಲಿಲ್ಲ, ಮತ್ತೊಂದು ರಾತ್ರಿ ಇಡಲು ಯಾರೂ ಒಪ್ಪಲಿಲ್ಲ. ಅಣ್ಣನ ಕಾರು ತುಮಕೂರಿನ ಆಸುಪಾಸಿನಲ್ಲಿದ್ದಾಗ ಅವನು ಮಾಡಬೇಕಾದದ್ದನ್ನೆಲ್ಲ ನಾನು ಮಾಡಿದೆ. ರಾತ್ರಿ ಬಂದವನು ಮನೆಯೊಳಗೆ ಬರಲಿಲ್ಲ, ಬ್ಯಾಟರಿ ಹಿಡಿದು ಹೊಲಕ್ಕೆ ಹೋದ. ನಾನೂ ಹಿಂದೆ ಹೋದೆ. ಹಸಿಮಣ್ಣಿನ ಮೇಲೆ ಕೈಯಿಟ್ಟು ಕೂತು, ಬಹಳ ಹೊತ್ತಿನ ಮೇಲೆ ಅವನು ಆಡಿದ ಮಾತು: ‘ನಾನೂ ಹದಿನೇಳ್ ತಾಸ್ ಅಂತs ತಿಳಕೊಂಡಿದ್ನೋ.’

ನನ್ನ ವಾದ ಹುಟ್ಟುವುದು ಈ ಮಾತಿನಿಂದ. ಆ ಅಂಕಿಯನ್ನು ನಂಬಿ ಮೋಸ ಹೋದವರು ಊರಿನವರು ಮಾತ್ರವಲ್ಲ, ಹೋದವನೂ ಅದನ್ನೇ ನಂಬಿಕೊಂಡು ಹೋಗಿದ್ದ. ಹತ್ತು ವರ್ಷ ಪ್ರತಿ ಯುಗಾದಿಗೆ, ಪ್ರತಿ ದೀಪಾವಳಿಗೆ ‘ಹದಿನೇಳು ತಾಸಿನ ದಾರಿ, ಯಾವಾಗ ಬೇಕಾದರೂ ಬರಬಹುದು’ ಎಂದುಕೊಂಡು ಬರದೆ ಉಳಿದಿದ್ದ. ಸಲೀಸು ಎನಿಸಿದ ಪ್ರಯಾಣವನ್ನು ನಾವು ಮುಂದೂಡುತ್ತಲೇ ಇರುತ್ತೇವೆ. ಹಡಗಿನ ಕಾಲದಲ್ಲಿ ಸಮುದ್ರ ದಾಟಿದವರನ್ನು ಯಾರೂ ಮಣ್ಣಿಗೆ ಕಾಯುತ್ತಿರಲಿಲ್ಲ. ಹೊರಡುವ ದಿನವೇ ಅತ್ತು ಮುಗಿಸುತ್ತಿದ್ದರು. ಆ ಅಗಲಿಕೆ ಕ್ರೂರವಾಗಿತ್ತು, ಆದರೆ ಅದರಲ್ಲಿ ಸುಳ್ಳಿರಲಿಲ್ಲ. ನಾವು ಅಗಲಿಕೆಯನ್ನು ಉಳಿಸಿಕೊಂಡು, ಅದರ ಅಳುವನ್ನು ಮಾತ್ರ ಮುಂದೆ ಹಾಕಿದ್ದೇವೆ.

‘ಇದಕ್ಕೇ ಅಲ್ಲವೇ ವಿಜಯಪುರಕ್ಕೆ ವಿಮಾನ ನಿಲ್ದಾಣ ಬೇಕಾದದ್ದು’ ಎನ್ನುವವರಿದ್ದಾರೆ. ಧ್ರುವ ದಾಟಿ ಬಂದ ವಿಮಾನ ಬೆಂಗಳೂರಿನಲ್ಲಿ ಇಳಿದ ಮರು ತಿಂಗಳೇ, 2021ರ ಫೆಬ್ರವರಿಯಲ್ಲಿ, ವಿಜಯಪುರದ ಬಳಿ ಬುರಣಾಪುರ–ಮದಭಾವಿಯಲ್ಲಿ ನಿಲ್ದಾಣಕ್ಕೆ ಅಡಿಗಲ್ಲು ಬಿತ್ತು. ಪೂರ್ವಕ್ಕೆ ಕಲಬುರಗಿಯಲ್ಲಿ 2019ರ ನವೆಂಬರ್‌ನಲ್ಲೇ ವಿಮಾನ ಶುರುವಾಗಿತ್ತು. ಉತ್ತರಕ್ಕೆ ಸೊಲ್ಲಾಪುರದಲ್ಲಿ 2025ರ ಜೂನ್‌ನಲ್ಲಿ ಶುರುವಾಯಿತು. ನಾನು ನಿಲ್ದಾಣದ ವಿರೋಧಿಯಲ್ಲ. ಕಾಯಿಲೆಯವರಿಗೆ, ವ್ಯಾಪಾರಿಗಳಿಗೆ ಅದು ಬೇಕು. ಅಣ್ಣನ ಪ್ರಯಾಣದಲ್ಲಿ ಅದು ನಾಲ್ಕೈದು ತಾಸು ಉಳಿಸುತ್ತಿತ್ತೇನೋ. ಅದೂ ಅವನು ಇಳಿದ ಹೊತ್ತಿಗೂ ಸಣ್ಣ ವಿಮಾನ ಹೊರಡುವ ಹೊತ್ತಿಗೂ ತಾಳೆಯಾದರೆ. ನನ್ನ ತಕರಾರು ‘ಇನ್ನು ವಿಜಯಪುರ ಬೆಂಗಳೂರಿಗೆ ಒಂದು ತಾಸು’ ಎಂಬ ಘೋಷಣೆಯ ಮೇಲೆ. ಯಾರಿಗೆ ಒಂದು ತಾಸು? ಕೆಂಪೇಗೌಡ ನಿಲ್ದಾಣ ಬೆಂಗಳೂರಿನ ನಡುಭಾಗದಿಂದ ಮೂವತ್ತು ಕಿಲೋಮೀಟರಿಗೂ ಆಚೆ, ದೇವನಹಳ್ಳಿಯಲ್ಲಿದೆ. ಹೊರ್ತಿ ವಿಜಯಪುರದಿಂದ ಮತ್ತೊಂದು ಅಷ್ಟೇ ದೂರ. ಹೊರ್ತಿಗೆ ಹೆದ್ದಾರಿಯಾದರೂ ಇದೆ. ಹೆದ್ದಾರಿಯಿಂದ ಒಳಗಿರುವ ಹಳ್ಳಿಗಳವರು ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಮುಂಜಾನೆಯವರೆಗೆ ಬಸ್‌ಸ್ಟ್ಯಾಂಡಿನಲ್ಲೇ ಕೂರಬೇಕು. ಆ ರಾತ್ರಿಯ ತಾಸುಗಳನ್ನು ಯಾವ ಮಂತ್ರಿಯೂ ‘ಒಂದು ತಾಸಿಗೆ’ ಕೂಡಿಸುವುದಿಲ್ಲ.

2017ರ ಏಪ್ರಿಲ್‌ನಲ್ಲಿ ಮೊದಲ ವಿಮಾನ ಹಾರಿಸಿದ ಉಡಾನ್ ಯೋಜನೆಯನ್ನೇ ನೋಡಿ. ಶ್ರೀಸಾಮಾನ್ಯನಿಗೂ ವಿಮಾನ ಎಂಬ ಆಸೆಯ ಆ ಯೋಜನೆ, ಸುಮಾರು 500 ಕಿ.ಮೀ. ಅಥವಾ ಒಂದು ತಾಸಿನ ಹಾರಾಟಕ್ಕೆ, ವಿಮಾನದ ಒಂದು ಪಾಲು ಆಸನಗಳಿಗೆ 2,500 ರೂಪಾಯಿಯ ಮಿತಿ ಹಾಕಿತು. ಅಲ್ಲಿಯೂ ಅಳತೆಗೋಲು ಹಾರಾಟದ ತಾಸೇ. ಸರ್ಕಾರ ಯಾವುದನ್ನು ಅಳೆಯುತ್ತದೋ ಅದಕ್ಕೇ ದುಡ್ಡು ಹಾಕುತ್ತದೆ. ಮನೆಯ ಬಾಗಿಲಿನಿಂದ ಬಾಗಿಲಿಗೆ ಎಷ್ಟು ಹೊತ್ತು ಎಂದು ಅಳೆಯುವ ಯೋಜನೆ ನಮ್ಮಲ್ಲಿಲ್ಲ. ಹಾಗಾಗಿ ಆ ಹೊತ್ತು ಯಾರ ಹೊಣೆಯೂ ಅಲ್ಲ.

ಆಕಾಶಕ್ಕೆ ದಾರಿ ಬಿಡಲು ನೆಲ ಸರಿಯಬೇಕಾದ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಸೊಲ್ಲಾಪುರದ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಎತ್ತರದ ಚಿಮಣಿ ವಿಮಾನ ಇಳಿಯುವ ದಾರಿಗೆ ಅಡ್ಡ ಎಂದು, ವರ್ಷಗಳ ಜಗಳದ ನಂತರ, 2023ರ ಜೂನ್‌ನಲ್ಲಿ ಅದನ್ನು ಕೆಡವಿದರು. ಕಬ್ಬು ಕಳಿಸುವ ರೈತರು ವಿರೋಧಿಸಿದ್ದರು. ಕಾನೂನಿನ ಸರಿತಪ್ಪು ಏನೇ ಇರಲಿ, ಯಾರ ಹೊತ್ತು ಉಳಿಸಲು ಯಾರ ದುಡಿಮೆಯ ಜಾಗ ಸರಿಯಬೇಕು ಎಂಬ ಪ್ರಶ್ನೆ ಆ ಧೂಳಿನ ಜೊತೆಗೆ ಎದ್ದಿತ್ತು. ಧೂಳು ಕೂತಿತು, ಪ್ರಶ್ನೆ ಇನ್ನೂ ಇದೆ.

ಅದೇ ಜೂನ್‌ನಲ್ಲಿ, 11ನೇ ತಾರೀಖು, ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿಗೆ ದುಡ್ಡಿಲ್ಲ. ಅದರ ಬಗ್ಗೆ ಆಡಿಕೊಂಡವರು ಬಹಳ. ನನ್ನ ಮನೆಯಲ್ಲಿ ಆದದ್ದು ಇಷ್ಟು. ದೊಡ್ಡವ್ವನ ತಂಗಿ ಸಿಂದಗಿ ಕಡೆಯ ಹಳ್ಳಿಯಲ್ಲಿದ್ದಾರೆ. ಮೊದಲು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಬಸ್ಸಿನ ದುಡ್ಡಿಗೆ ಮಗನನ್ನು ಕೇಳಬೇಕಿತ್ತು, ಕೇಳಲು ಮನಸ್ಸಾಗುತ್ತಿರಲಿಲ್ಲ. ಈಗ ತಿಂಗಳಿಗೊಮ್ಮೆ ಬರುತ್ತಾರೆ. ಬಸ್ಸಿನ ವೇಗ ಒಂದು ಕಿಲೋಮೀಟರೂ ಹೆಚ್ಚಿಲ್ಲ, ರಸ್ತೆ ಒಂದು ಮಾರೂ ಗಿಡ್ಡವಾಗಿಲ್ಲ. ಆದರೂ ಇಬ್ಬರು ಮುದುಕಿಯರ ನಡುವಿನ ದೂರ ಕರಗಿದೆ. ವೇಗ ಹೆಚ್ಚಿಸದೆಯೂ ದೂರ ತಗ್ಗಿಸಬಹುದು ಎಂಬುದಕ್ಕೆ ಇದಕ್ಕಿಂತ ಸರಳ ಪುರಾವೆ ನನಗೆ ಸಿಕ್ಕಿಲ್ಲ.

ನಮ್ಮ ಹಿರಿಯರಿಗೆ ದೂರ ಅಳೆಯುವುದು ಗೊತ್ತಿತ್ತು. ಕೂಗಳತೆ ಎನ್ನುತ್ತಿದ್ದರು, ಕೂಗಿದರೆ ಕೇಳಿಸುವಷ್ಟು. ಹರದಾರಿ ಎನ್ನುತ್ತಿದ್ದರು, ಸುಮಾರು ಮೂರು ಮೈಲಿ. ಆ ಅಳತೆಗಳಲ್ಲಿ ಕೂಗುವ, ಕೇಳುವ, ನಡೆಯುವ ಮನುಷ್ಯ ಇದ್ದ. ಹಳೆಯದನ್ನೆಲ್ಲ ಹಾಡಿ ಹೊಗಳುವ ಚಟ ನನಗಿಲ್ಲ. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ತವರೂರು ಹತ್ತು ಹರದಾರಿಯಾದರೂ ಪರದೇಶವೇ. ಆದರೆ ಬ್ರಿಟಿಷರ ಕಾಲದ ರೈಲಿನವರಿಗೂ ಇದ್ದ ಒಂದು ಪ್ರಾಮಾಣಿಕತೆ ಇಂದು ನಮಗಿಲ್ಲ ಎನ್ನಬಲ್ಲೆ. ವಿಜಯಪುರ–ಸೊಲ್ಲಾಪುರ ಮಾರ್ಗದಲ್ಲಿ ನಮ್ಮ ತಾಲೂಕಿನ ನಿಲ್ದಾಣದ ಹೆಸರು ‘ಇಂಡಿ ರೋಡ್’. ಹಳಿ ಇಂಡಿ ಊರಿಗೆ ಹೋಗುವುದಿಲ್ಲ, ಊರು ಅಲ್ಲಿಂದ ಮೈಲಿಗಟ್ಟಲೆ ದೂರ. ಊರಿಗೆ ದೂರವಾದ ನಿಲ್ದಾಣಕ್ಕೆ ‘ರೋಡ್’ ಎಂದು ಸೇರಿಸುವುದು ಭಾರತೀಯ ರೈಲ್ವೆಯ ಹಳೆಯ ರೂಢಿ. ಇಳಿಯುವವನಿಗೆ ಹೆಸರೇ ಹೇಳುತ್ತದೆ: ಇದು ಇಂಡಿಯಲ್ಲ, ಇಂಡಿಗೆ ಹೋಗುವ ರಸ್ತೆ, ಮುಂದಿನ ದಾರಿ ನೀನು ನೋಡಿಕೋ. ಯಾವ ವಿಮಾನ ನಿಲ್ದಾಣವೂ ತನ್ನನ್ನು ‘ಬೆಂಗಳೂರು ರೋಡ್’ ಎಂದು ಕರೆದುಕೊಂಡಿಲ್ಲ.

ನಾನು ಕೇಳುವುದು ಬಹಳವಿಲ್ಲ. ಹೊಸ ನಿಲ್ದಾಣ ಕಟ್ಟುವ ಸರ್ಕಾರ, ಅಲ್ಲಿಂದ ತಾಲೂಕಿನ ಕೊನೆಯ ಹಳ್ಳಿಯ ಕೊನೆಯ ಮನೆಗೆ ರಾತ್ರಿ ಎಂಟರ ನಂತರ ಹೇಗೆ ಹೋಗಬೇಕು ಎಂಬುದನ್ನೂ ಅದೇ ಕಡತದಲ್ಲಿ ಬರೆಯಲಿ. ಬರೆಯಲಾಗದಿದ್ದರೆ ‘ಒಂದು ತಾಸು’ ಎನ್ನದಿರಲಿ. ಹೊರಗೆ ಹೋಗುವ ನಾವು, ಕಳಿಸುವ ನಾವು, ದೂರವನ್ನು ಬಾಗಿಲಿನಿಂದ ಬಾಗಿಲಿಗೆ ಹೇಳುವುದನ್ನು ಕಲಿಯೋಣ. ‘ಜಗತ್ತು ಈಗ ಬಹಳ ಚಿಕ್ಕದು’ ಎಂದು ಪ್ರಬಂಧದ ಮೊದಲ ಸಾಲು ಬರೆಯುವ ವಿದ್ಯಾರ್ಥಿಗಳು, ಅದು ಯಾರಿಗೆ ಚಿಕ್ಕದು ಎಂದು ಎರಡನೇ ಸಾಲು ಬರೆಯಲಿ.

ಹೋದ ತಿಂಗಳು ನಮ್ಮಕ್ಕನ ಮಗ ಓದಲು ಕ್ಯಾಲಿಫೋರ್ನಿಯಾಕ್ಕೆ ಹೊರಟ. ಹಿಂದಿನ ರಾತ್ರಿ ಅವನು ತಾಯಿಗೆ ಸಮಾಧಾನ ಹೇಳುತ್ತಿದ್ದ. ‘ಬರೇ ಹದಿನೇಳ್ ತಾಸವ್ವಾ. ನೀ ಕರದ್ರ ಬಂದ್ ಬಿಡ್ತೀನಿ.’

‘ಹದಿನೇಳಲ್ಲ, ನಲವತ್ತೆರಡು’ ಎಂದೆ.

ಅಕ್ಕ ಸಿಟ್ಟಾದಳು. ‘ಹೋಗೂ ಹೊತ್ತಿನ್ಯಾಗ ಎಂಥಾ ಮಾತ್ ಆಡ್ತೀಯೋ ನೀ!’ ಆ ರಾತ್ರಿ ನನ್ನೊಡನೆ ಮತ್ತೆ ಮಾತಾಡಲಿಲ್ಲ. ಹುಡುಗ ಮಾತ್ರ ಮೊಬೈಲು ಕೆಳಗಿಟ್ಟು ಕೇಳಿದ, ‘ಮಾಮಾ, ನಲವತ್ತೆರಡು ಹೆಂಗ್?’ ನಾನು ಅವನ ಪಕ್ಕ ಕೂತು, ಟಿಕೇಟು ಹುಡುಕುವ ಹೊತ್ತಿನಿಂದ ಹಿಡಿದು ಒಂದೊಂದೇ ಎಣಿಸತೊಡಗಿದೆ.